ಗಡಿಯಾಚೆಯ ಕರ್ನಾಟಕತ್ವ: ಆಲೂರ ವೆಂಕಟರಾಯರ ವಿಚಾರ ಮತ್ತು ಹೈದರಾಬಾದಿನ ಕನ್ನಡಿಗರು

೧

ನಾಡು, ನುಡಿ, ಸಂಸ್ಕೃತಿಗಳ ಪರಸ್ಪರ ಸಂಬಂಧವನ್ನು ಕುರಿತ ಜಿಜ್ಞಾಸೆ ಕನ್ನಡಕ್ಕೆ ಹೊಸದಲ್ಲ. ಕಾವೇರಿಯಿಂದ ಗೋದಾವರಿಯವರೆಗಿನ ನೆಲವನ್ನು ಕನ್ನಡದ ನಾಡೆಂದು ಗುರುತಿಸಿದ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು, ಆ ನಾಡನ್ನು ಅರಸನ ಆಳ್ವಿಕೆಯಿಂದಲ್ಲದೆ ಜನರ ನುಡಿಯ ಅರಿವಿನಿಂದ ನಿರೂಪಿಸಿದ್ದು ನಮ್ಮ ಪರಂಪರೆಯ ದೊಡ್ಡ ಹೆಗ್ಗಳಿಕೆ. ಇಪ್ಪತ್ತನೆಯ ಶತಮಾನದಲ್ಲಿ ಇದೇ ಜಿಜ್ಞಾಸೆಗೆ ತಾತ್ತ್ವಿಕ ರೂಪವನ್ನೂ ‘ಕರ್ನಾಟಕತ್ವ’ ಎಂಬ ಹೆಸರನ್ನೂ ಕೊಟ್ಟವರು ಆಲೂರ ವೆಂಕಟರಾಯರು (೧೮೮೦–೧೯೬೪).

ಆಲೂರರನ್ನು ನಾವು ಏಕೀಕರಣದ ಮುಂದಾಳುವಾಗಿ, ಕನ್ನಡದ ಕುಲಪುರೋಹಿತರಾಗಿ ಸ್ಮರಿಸುತ್ತೇವೆ. ಇದು ಉಚಿತವೇ ಆಗಿದೆ. ಆದರೆ ಈ ಸ್ಮರಣೆಯಿಂದ ಒಂದು ಹಾನಿಯೂ ಆಗಿದೆ. ೧೯೫೬ರ ನವೆಂಬರ್ ೧ರಂದು ಏಕೀಕರಣ ಕೈಗೂಡಿದೊಡನೆ ಕರ್ನಾಟಕತ್ವದ ಕೆಲಸ ಮುಗಿಯಿತೆಂಬ ಭಾವನೆ ಬೆಳೆದು, ಅವರ ವಿಚಾರವು ಭೂಪಟದ ವಿಚಾರವಾಗಿ ಕುಗ್ಗಿಹೋಗಿದೆ. ಈ ದೃಷ್ಟಿಯಿಂದ ನೋಡಿದರೆ ಹೈದರಾಬಾದಿನಲ್ಲಿ ಕುಳಿತು ಕನ್ನಡವನ್ನು ಓದುವ, ಬೋಧಿಸುವ ನಮಗೆ ಆಲೂರರಲ್ಲಿ ಯಾವ ಪಾಲೂ ಉಳಿಯುವುದಿಲ್ಲ. ಏಕೆಂದರೆ ಏಕೀಕರಣದ ದಿನವೇ ನಾವು ಗಡಿಯ ಹೊರಗುಳಿದೆವು.

ಹಾಗಾದರೆ ಕರ್ನಾಟಕದ ಹೊರಗಿರುವವನಿಗೆ ಕರ್ನಾಟಕತ್ವವೆಂಬುದು ಉಂಟೆ? ಉಂಟಾದರೆ ಅದು ನಿಂತಿರುವುದು ಯಾವುದರ ಮೇಲೆ? ಈ ಪ್ರಶ್ನೆಯನ್ನು ಆಲೂರರ ವಿಚಾರದ ಒಳಗಿನಿಂದಲೇ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದೇ ಪ್ರಶ್ನೆಯನ್ನು ಚೀನಾದ ಹೊರಗೆ ನಿಂತು ಎದುರಿಸಿದ ಕನ್‌ಫ್ಯೂಶಿಯಸ್ ಪರಂಪರೆಯ ತತ್ತ್ವಜ್ಞ ತಾಂಗ್ ಜುನ್‌ಯಿಯವರ (೧೯೦೯–೧೯೭೮) ಚಿಂತನೆಯನ್ನು ಇಲ್ಲಿ ಹೋಲಿಕೆಗಾಗಿ ತೆಗೆದುಕೊಳ್ಳಲಾಗಿದೆ.

೨

ಬಿಜಾಪುರದಲ್ಲಿ ಹುಟ್ಟಿ, ಪುಣೆಯಲ್ಲಿ ಪದವಿಯನ್ನೂ ಮುಂಬಯಿಯಲ್ಲಿ ಕಾನೂನನ್ನೂ ಓದಿ ಧಾರವಾಡದಲ್ಲಿ ವಕೀಲಿ ಆರಂಭಿಸಿದ ಆಲೂರರ ಬಾಳಿಗೆ ತಿರುವು ಕೊಟ್ಟದ್ದು ೧೯೦೫ರ ಹಂಪೆ–ಆನೆಗೊಂದಿಯ ಯಾತ್ರೆ. ಆ ಯಾತ್ರೆಯಲ್ಲಿ ಅವರು ನವವೃಂದಾವನಕ್ಕೆ ಹೋಗಿದ್ದರು. ತುಂಗಭದ್ರೆಯ ನಡುಗಡ್ಡೆಯಲ್ಲಿರುವ ಅದು ಮಾಧ್ವ ಯತಿಗಳ ಒಂಬತ್ತು ವೃಂದಾವನಗಳ ಕ್ಷೇತ್ರ. ಮತಶ್ರದ್ಧೆಯ ಯಾತ್ರೆಯೊಂದು ನಾಡಿನ ದರ್ಶನವಾಗಿ ಪರಿಣಮಿಸಿದ್ದು ಗಮನಾರ್ಹ. ಅಂದಿನ ರಾಜಕೀಯ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ಹೊಳೆಯ ಈಚೆಯ ಹಂಪೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದರೆ, ಆಚೆಯ ಆನೆಗೊಂದಿ ಹೈದರಾಬಾದಿನ ನಿಜಾಮರ ಸೀಮೆಯಾಗಿತ್ತು. ಒಂದೇ ರಾಜಧಾನಿಯ ಎರಡು ದಡಗಳ ನಡುವೆ ಹರಿಗೋಲಿನಲ್ಲಿ ದಾಟುವಷ್ಟರಲ್ಲಿ ಸರಕಾರವೂ, ನಾಣ್ಯವೂ, ಕಚೇರಿಯ ಭಾಷೆಯೂ ಬದಲಾಗುತ್ತಿದ್ದವು. ಕರ್ನಾಟಕವೆಂಬುದು ಆಗ ಯಾವ ದಫ್ತರದಲ್ಲಿಯೂ ಇರಲಿಲ್ಲ. ಹೀಗಾಗಿ ಆಲೂರರು ಅದನ್ನು ಮೊದಲು ಮನಸ್ಸಿನಲ್ಲಿ ಕಟ್ಟಬೇಕಾಯಿತು.

ಈ ಕಟ್ಟುವಿಕೆಯ ಮೊದಲ ಫಲಗಳು ‘ವಿದ್ಯಾರಣ್ಯ ಚರಿತ್ರೆ’ ಮತ್ತು ೧೯೧೭ರಲ್ಲಿ ಹೊರಬಂದ ‘ಕರ್ನಾಟಕ ಗತವೈಭವ’. ಮುಂದೆ ೧೯೨೨ರಲ್ಲಿ ಆರಂಭವಾದ ‘ಜಯಕರ್ನಾಟಕ’ ಪತ್ರಿಕೆ, ‘ಕರ್ನಾಟಕತ್ವದ ಸೂತ್ರಗಳು’, ‘ಕರ್ನಾಟಕತ್ವದ ವಿಕಾಸ’ ಮುಂತಾದವುಗಳಲ್ಲಿ ಆ ಭಾವನೆ ಸಿದ್ಧಾಂತದ ರೂಪ ತಾಳಿತು. ಈ ಸಿದ್ಧಾಂತದ ಮೂರು ಅಂಶಗಳನ್ನು ಇಲ್ಲಿ ಎತ್ತಿಕೊಳ್ಳಬಹುದು.

ಮೊದಲನೆಯದಾಗಿ, ಕರ್ನಾಟಕತ್ವವೆಂದರೆ ಬರಿಯ ಭಾಷಾಭಿಮಾನವಲ್ಲ. ಭಾಷೆ ಅದರ ಮುಖ್ಯ ಅಂಗ, ಆದರೆ ಅಂಗವೇ ಅಂಗಿಯಲ್ಲ. ಇತಿಹಾಸ, ಧರ್ಮ, ಶಿಲ್ಪ, ಸಂಗೀತ, ಸಾಹಿತ್ಯ, ಜನಜೀವನ ಇವೆಲ್ಲವುಗಳಲ್ಲಿ ಹರಿದು ಬಂದ ಒಂದು ಚೈತನ್ಯವನ್ನು ಅವರು ಈ ಪದದಿಂದ ಸೂಚಿಸಿದರು. ‘ಕನ್ನಡತನ’ವೆನ್ನದೆ ‘ಕರ್ನಾಟಕತ್ವ’ವೆಂದದ್ದರ ಹಿನ್ನೆಲೆಯೂ ಇದೇ.

ಎರಡನೆಯದಾಗಿ, ಕರ್ನಾಟಕತ್ವಕ್ಕೂ ಭಾರತೀಯತ್ವಕ್ಕೂ ವಿರೋಧವಿಲ್ಲ. ರಾಷ್ಟ್ರೀಯತ್ವವು ನಾಡತನದ ಮೂಲಕವೇ ಸಿದ್ಧಿಸುವಂಥದು. ಮನೆಯನ್ನರಿಯದವನು ಊರನ್ನರಿಯಲಾರ. ಬಂಗಾಲದ ವಿಭಜನೆಯ ವಿರುದ್ಧ ಎದ್ದ ಚಳವಳಿಯನ್ನೂ ಟಿಳಕರ ರಾಜಕಾರಣವನ್ನೂ ಹತ್ತಿರದಿಂದ ಕಂಡು, ಟಿಳಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದ ಆಲೂರರಿಗೆ ರಾಷ್ಟ್ರದ ವಿಷಯದಲ್ಲಿ ಸಂದೇಹವಿರಲಿಲ್ಲ. ಅವರ ಸಂದೇಹವಿದ್ದದ್ದು ನಾಡುಗಳನ್ನು ಅಳಿಸಿ ರಾಷ್ಟ್ರವನ್ನು ಕಟ್ಟುವ ಬಗೆಯಲ್ಲಿ. ಈ ನಿಲುವಿನ ಹಿಂದೆ ಅವರ ಮಾಧ್ವ ತತ್ತ್ವದ ವ್ಯಾಸಂಗವೂ ಕೆಲಸ ಮಾಡಿದೆಯೆಂದು ನಮಗೆ ತೋರುತ್ತದೆ. ಮಧ್ವಾಚಾರ್ಯರ ದರ್ಶನದಲ್ಲಿ ಭೇದವು ಮಿಥ್ಯೆಯಲ್ಲ, ಸತ್ಯ. ಆದರೆ ದೇವರೊಬ್ಬನನ್ನು ಬಿಟ್ಟರೆ ಭಿನ್ನವಾದ ಯಾವ ವಸ್ತುವೂ ಸ್ವತಂತ್ರವಲ್ಲ, ಅವನನ್ನು ಆಶ್ರಯಿಸಿ ನಿಂತದ್ದು. ಕರ್ನಾಟಕವು ಭಾರತದಲ್ಲಿ ಕರಗಿ ಇಲ್ಲವಾಗುವ ತೋರಿಕೆಯಲ್ಲ, ಭಾರತವನ್ನು ಬಿಟ್ಟು ನಿಲ್ಲುವ ಸ್ವತಂತ್ರ ವಸ್ತುವೂ ಅಲ್ಲ ಎಂಬ ಅವರ ನಿಲುವನ್ನು ಈ ತತ್ತ್ವದ ಬೆಳಕಿನಲ್ಲಿ ಅರ್ಥೈಸಬಹುದಾಗಿದೆ.

ಮೂರನೆಯ ಅಂಶ ನಮ್ಮ ಚರ್ಚೆಗೆ ಅತ್ಯಂತ ಮುಖ್ಯವಾದುದು. ಕರ್ನಾಟಕತ್ವವು ಹುಟ್ಟಿನಿಂದ ತಾನಾಗಿ ಬರುವ ಸ್ವತ್ತಲ್ಲ, ಅರಿವಿನಿಂದ ಪಡೆಯಬೇಕಾದದ್ದು. ಕನ್ನಡ ನೆಲದಲ್ಲಿ ಹುಟ್ಟಿ ಕನ್ನಡವನ್ನೇ ಆಡುತ್ತಿದ್ದ ಸಾವಿರಾರು ಜನರು ತಾವು ಕರ್ನಾಟಕದವರೆಂಬುದನ್ನೇ ಅರಿಯದಿದ್ದುದು ಆಲೂರರನ್ನು ಕಾಡಿದ ಸಂಕಟ. ಜನರಲ್ಲಿ ಈ ಅರಿವನ್ನು ಮೂಡಿಸುವುದಕ್ಕಾಗಿಯೇ ಅವರು ಇತಿಹಾಸ ಬರೆದರು, ಪತ್ರಿಕೆ ನಡೆಸಿದರು, ಊರೂರು ಸುತ್ತಿದರು. ನೆಲದ ಮೇಲಿದ್ದೂ ಒಬ್ಬನಿಗೆ ನಾಡತನ ಇಲ್ಲದಿರುವುದು ಸಾಧ್ಯವಾದರೆ, ನೆಲ ತಪ್ಪಿದವನಿಗೆ ನಾಡತನ ಇರುವುದೂ ಸಾಧ್ಯವಾಗಬೇಕು. ಆಲೂರರು ಈ ಎರಡನೆಯ ಮಾತನ್ನು ವಿಸ್ತರಿಸಿ ಹೇಳುವ ಅಗತ್ಯ ಅವರ ಕಾಲಕ್ಕೆ ಬೀಳಲಿಲ್ಲ. ನಮ್ಮ ಪಾಲಿಗೆ ಅದೇ ಮೊದಲ ಮಾತಾಗಿದೆ.

೩

ಆಲೂರರು ಬಿಟ್ಟ ಈ ಎಳೆಯನ್ನು ಬೇರೊಂದು ನಾಡಿನಲ್ಲಿ, ಬೇರೊಂದು ಸಂಕಟದಲ್ಲಿ ಎತ್ತಿಕೊಂಡವರು ತಾಂಗ್ ಜುನ್‌ಯಿ.

ಚೀನಾದವನು ಯಾರು ಎಂಬ ಪ್ರಶ್ನೆಗೆ ಕನ್‌ಫ್ಯೂಶಿಯಸ್ ಪರಂಪರೆಯಲ್ಲಿ ಎರಡು ಬಗೆಯ ಉತ್ತರಗಳುಂಟು. ತಾಂಗ್ ರಾಜವಂಶದ ಕಾಲದ ಹಾನ್ ಯು (೭೬೮–೮೨೪) ಎಂಬ ವಿದ್ವಾಂಸನ ಪ್ರಕಾರ ಆಚಾರವೇ ನಿರ್ಣಾಯಕ. ಚೀನಾದ ಆಚಾರವನ್ನು ಸ್ವೀಕರಿಸಿದ ಪರಕೀಯನನ್ನು ಕನ್‌ಫ್ಯೂಶಿಯಸನು ಚೀನೀಯನಂತೆಯೂ, ಅದನ್ನು ಬಿಟ್ಟ ಚೀನೀ ಸಾಮಂತನನ್ನು ಪರಕೀಯನಂತೆಯೂ ಎಣಿಸಿದನೆಂದು ಅವನು ವಾದಿಸಿದ. ಹದಿನೇಳನೆಯ ಶತಮಾನದಲ್ಲಿ ಮಂಚೂರಿಯಾದವರು ಚೀನಾವನ್ನು ಗೆದ್ದಾಗ ವಾಂಗ್ ಫೂಚಿ (೧೬೧೯–೧೬೯೨) ಇದಕ್ಕೆ ವಿರುದ್ಧವಾದ ಉತ್ತರವನ್ನು ಕೊಟ್ಟ. ಅವನ ದೃಷ್ಟಿಯಲ್ಲಿ ನೆಲ ಬೇರೆಯಾದರೆ ಜನರ ಸ್ವಭಾವವೂ ಬೇರೆ, ಎಲ್ಲೆಯನ್ನು ಮೀರಕೂಡದು. ಆಚಾರದಿಂದ ಸಿದ್ಧಿಸುವ ನಾಡತನ ಒಂದು, ನೆಲದಿಂದ ಬಂಧಿತವಾದ ನಾಡತನ ಇನ್ನೊಂದು. ಸೋಲಿನ ಕಾಲದಲ್ಲಿ ಎರಡನೆಯದರ ಸೆಳೆತ ಹೆಚ್ಚುವುದು ಸಹಜವೆಂಬುದನ್ನು ನಾವು ಗಮನಿಸಬೇಕು.

ತಾಂಗ್ ಜುನ್‌ಯಿಯವರದೂ ಸೋಲಿನ ಕಾಲವೇ. ೧೯೪೯ರಲ್ಲಿ ಚೀನಾದಲ್ಲಿ ಸಾಮ್ಯವಾದಿ ಆಡಳಿತ ಸ್ಥಾಪಿತವಾದಾಗ ಅವರು ಹಾಂಗ್‌ಕಾಂಗ್‌ಗೆ ಬಂದು, ಇತಿಹಾಸಕಾರ ಚಿಯೆನ್ ಮು ಮೊದಲಾದವರೊಡನೆ ನ್ಯೂ ಏಷ್ಯಾ ಕಾಲೇಜನ್ನು ಕಟ್ಟಿದರು. ಬ್ರಿಟಿಷರ ವಸಾಹತಿನಲ್ಲಿ, ನಿರಾಶ್ರಿತರ ನಡುವೆ, ಹಣವಿಲ್ಲದೆ ಆರಂಭವಾದ ವಿದ್ಯಾಸಂಸ್ಥೆ ಅದು. ೧೯೫೮ರಲ್ಲಿ ತಾಂಗ್ ಮತ್ತು ಅವರ ಮೂವರು ಸಮಾನಮನಸ್ಕರು ಚೀನೀ ಸಂಸ್ಕೃತಿಯನ್ನು ಕುರಿತು ಜಗತ್ತನ್ನು ಉದ್ದೇಶಿಸಿ ಒಂದು ಪ್ರಕಟಣೆಯನ್ನು ಹೊರಡಿಸಿದರು. ಚೀನೀ ಸಂಸ್ಕೃತಿಯು ವಸ್ತುಸಂಗ್ರಹಾಲಯದ ವಸ್ತುವಲ್ಲ, ನೋವಿನಲ್ಲಿದ್ದರೂ ಬದುಕಿರುವ ಚೇತನ. ಅದನ್ನು ಅಭ್ಯಸಿಸುವವನಿಗೆ ಸಹಾನುಭೂತಿಯೂ ಗೌರವವೂ ಬೇಕು ಎಂಬುದು ಆ ಪ್ರಕಟಣೆಯ ಸಾರ.

೧೯೬೧ರಲ್ಲಿ ಅವರು ಬರೆದ ಪ್ರಬಂಧವೊಂದರಲ್ಲಿ ಚೀನೀ ಜನಾಂಗವನ್ನು ಉರುಳಿಬಿದ್ದ ಮಹಾವೃಕ್ಷಕ್ಕೂ, ಹೊರನಾಡುಗಳಿಗೆ ಚದುರಿದವರನ್ನು ಗಾಳಿಗೆ ತೂರಿಹೋದ ಹೂಹಣ್ಣುಗಳಿಗೂ ಹೋಲಿಸಿದ್ದಾರೆ. ಹೊರನಾಡಿನ ಚೀನೀಯರು ತಮ್ಮ ತಮ್ಮೊಳಗೇ ಪರಭಾಷೆಯನ್ನಾಡುವುದು, ತಮ್ಮ ವಿದ್ಯೆಯ ಬೆಲೆಯನ್ನು ಪರರ ಮೆಚ್ಚುಗೆಯಿಂದ ಅಳೆಯುವುದು ಅವರಿಗೆ ದುಃಖದ ಸಂಗತಿಗಳಾಗಿ ಕಂಡವು. ಆದರೆ ಕೆಲವು ವರ್ಷಗಳ ನಂತರದ ಪ್ರಬಂಧದಲ್ಲಿ ಇದೇ ರೂಪಕವನ್ನು ಅವರು ಮುಂದಕ್ಕೊಯ್ದರು. ಉದುರಿದ ಹಣ್ಣಿನೊಳಗೆ ಬೀಜವಿದೆ. ಪರರ ಮನ್ನಣೆಗೆ ಕಾಯದೆ, ತನ್ನ ಮೌಲ್ಯವನ್ನು ತಾನೇ ಅರಿತು ನಂಬಿದವನು ತಾನು ಬಿದ್ದ ನೆಲದಲ್ಲಿಯೇ ಆತ್ಮದ ಬೇರನ್ನು ಊರಬಲ್ಲನು. ಅಂಥವನು ಎಲ್ಲಿದ್ದರೆ ಅಲ್ಲಿ ಚೀನಾ.

ಆಲೂರರ ಅರಿವಿನ ತತ್ತ್ವಕ್ಕೂ ತಾಂಗ್ ಅವರ ಬೇರೂರುವಿಕೆಯ ತತ್ತ್ವಕ್ಕೂ ಇರುವ ಸಾಮ್ಯ ಸ್ಪಷ್ಟವಾಗಿದೆ. ವ್ಯಕ್ತಿಯಿಂದ ಕುಟುಂಬ, ಕುಟುಂಬದಿಂದ ರಾಜ್ಯ, ರಾಜ್ಯದಿಂದ ಜಗತ್ತು ಎಂದು ವೃತ್ತಗಳನ್ನು ಹಿಗ್ಗಿಸುತ್ತ ಹೋಗುವ ಕನ್‌ಫ್ಯೂಶಿಯಸ್ ಪರಂಪರೆಯ ಕ್ರಮವೂ, ನಾಡಿನ ಮೂಲಕ ರಾಷ್ಟ್ರಕ್ಕೆ ಹೋಗುವ ಆಲೂರರ ಕ್ರಮವೂ ಒಂದೇ ಬಗೆಯವು. ಇಬ್ಬರಿಗೂ ಸಂಸ್ಕೃತಿಯೆಂದರೆ ಒಂದು ಹೊಣೆ. ಭೇದವಿರುವುದು ಸನ್ನಿವೇಶದಲ್ಲಿ. ಆಲೂರರು ಇಲ್ಲದ ನಾಡನ್ನು ಗಳಿಸಲು ಹೊರಟವರು. ತಾಂಗ್ ಇದ್ದ ನಾಡನ್ನು ಕಳೆದುಕೊಂಡವರು. ಹೈದರಾಬಾದಿನ ಕನ್ನಡಿಗನ ಸ್ಥಿತಿ ಈ ಎರಡರ ನಡುವಿನದು.

೪

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೈದರಾಬಾದು ಕನ್ನಡಕ್ಕೆ ಪರಸ್ಥಳವೆಂಬ ಭಾವನೆ ಈಚಿನದು. ಇಂದಿನ ತೆಲಂಗಾಣದ ವೇಮುಲವಾಡವು ಇಮ್ಮಡಿ ಅರಿಕೇಸರಿಯ ರಾಜಧಾನಿ. ಹತ್ತನೆಯ ಶತಮಾನದಲ್ಲಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ್ದು ಆ ಅರಸನ ಆಶ್ರಯದಲ್ಲಿ. ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬೊಮ್ಮಲಗುಟ್ಟದಲ್ಲಿ ಪಂಪನ ತಮ್ಮ ಜಿನವಲ್ಲಭನು ಹಾಕಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿವೆ. ವೆಂಗಿಮಂಡಲದ ಮೂಲದ ಮನೆತನ, ವೇಮುಲವಾಡದ ಆಸ್ಥಾನ, ಬನವಾಸಿಗಾಗಿ ಹಾತೊರೆದ ಹೃದಯ: ಕನ್ನಡದ ಆದಿಕವಿಯಲ್ಲಿ ಈ ಮೂರೂ ಕೂಡಿವೆ. ಅವನನ್ನು ಹೊರನಾಡ ಕನ್ನಡಿಗನೆಂದು ಯಾರೂ ಕರೆಯುವುದಿಲ್ಲ.

ಆಧುನಿಕ ಕಾಲಕ್ಕೆ ಬಂದರೆ, ಆಲೂರರ ಗತವೈಭವದ ಮುಖ್ಯ ನೆಲೆಗಳು ಹಲವು ನಿಜಾಮರ ರಾಜ್ಯದಲ್ಲಿಯೇ ಇದ್ದವು. ರಾಷ್ಟ್ರಕೂಟರ ಮಾನ್ಯಖೇಟ, ಚಾಲುಕ್ಯರ ಹಾಗೂ ಶರಣರ ಕಲ್ಯಾಣ, ಕೊಪಣ, ಆನೆಗೊಂದಿ ಎಲ್ಲವೂ ಆ ಸೀಮೆಯವೇ. ಆದರೆ ಅಲ್ಲಿಯ ಕನ್ನಡಿಗರು ಒಟ್ಟು ಜನಸಂಖ್ಯೆಯ ಹತ್ತರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ. ಆಡಳಿತ ಮತ್ತು ಶಿಕ್ಷಣದ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನು ಭಾರತೀಯ ಭಾಷೆಯೊಂದರಲ್ಲಿ ನೀಡಿದ್ದು ದೇಶಕ್ಕೆ ಮಾದರಿಯೆನಿಸಿತು. ಕನ್ನಡದ ಹುಡುಗನಿಗೆ ಮಾತ್ರ ಅದೂ ಮತ್ತೊಂದು ಪರಭಾಷೆಯೇ ಆಗಿತ್ತು. ಇಂಥ ಪರಿಸರದಲ್ಲಿ ೧೯೨೮ರಲ್ಲಿ ಕಲಬುರ್ಗಿಯಲ್ಲಿ ಬಿ.ಎಂ.ಶ್ರೀಕಂಠಯ್ಯನವರ, ೧೯೩೪ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಲನಗಳು ನಡೆದದ್ದು ಅರಿವಿನ ಇತಿಹಾಸದ ಘಟನೆಗಳೇ ಸರಿ.

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. ೧೯೫೬ರಲ್ಲಿ ಬೀದರ, ಗುಲಬರ್ಗಾ, ರಾಯಚೂರುಗಳ ಕನ್ನಡ ಭಾಗಗಳು ವಿಶಾಲ ಮೈಸೂರಿಗೆ ಸೇರಿದವು. ಅದೇ ಸಂದರ್ಭದಲ್ಲಿ ರಾಯಚೂರು ಜಿಲ್ಲೆಯ ಆಲಂಪುರ ಮತ್ತು ಗದ್ವಾಲ, ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು, ಬೀದರ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೆ ಹೋದವು. ಈ ಪ್ರದೇಶಗಳಲ್ಲಿ ತೆಲುಗಿನ ಜೊತೆ ಜೊತೆಗೆ ಕನ್ನಡವೂ ಬಾಳುತ್ತಿತ್ತು. ರಾಜಧಾನಿಯಲ್ಲಿ ನೌಕರಿ, ವ್ಯಾಪಾರ, ವಿದ್ಯೆಗಳಿಗಾಗಿ ನೆಲೆಸಿದ್ದ ಕನ್ನಡಿಗರಂತೂ ಇದ್ದಲ್ಲಿಯೇ ಹೊರನಾಡಿನವರಾದರು. ೧೯೩೦ರ ಸುಮಾರಿಗೆ ಈ ನಗರದಲ್ಲಿ ಹುಟ್ಟಿ ಮನೆಯನ್ನೂ ಬದಲಿಸದೆ ದೀರ್ಘಕಾಲ ಬಾಳಿದ ಒಬ್ಬ ಕನ್ನಡಿಗನನ್ನು ಊಹಿಸಿಕೊಳ್ಳೋಣ. ಅವನು ನಿಜಾಮರ ಪ್ರಜೆ, ಹೈದರಾಬಾದ್ ರಾಜ್ಯದ ನಾಗರಿಕ, ಆಂಧ್ರಪ್ರದೇಶದ ನಿವಾಸಿ, ೨೦೧೪ರ ಜೂನ್ ೨ರ ನಂತರ ತೆಲಂಗಾಣದವನು. ಹೀಗೆ ನಾಡಿನ ಹೆಸರು ಬದಲಾಗುತ್ತ ಹೋದರೂ ಅವನ ಕನ್ನಡ ಉಳಿದಿದ್ದರೆ ಅದಕ್ಕೆ ಯಾವ ಸರಕಾರವೂ ಕಾರಣವಲ್ಲ.

ಅದಕ್ಕೆ ಕಾರಣವಾದದ್ದು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗನ ಹೆಸರಿನ ವಿದ್ಯಾಸಂಸ್ಥೆ, ವಿಶ್ವವಿದ್ಯಾಲಯದ ಕನ್ನಡ ವಿಭಾಗದಂಥ ನೆಲೆಗಳು. ನಾಡಿನೊಳಗೆ ಇಂಥ ಸಂಸ್ಥೆಗಳು ಅಲಂಕಾರವೆನಿಸಬಹುದು, ನಾಡಿನ ಹೊರಗೆ ಅವೇ ನಾಡು. ಹಾಂಗ್‌ಕಾಂಗ್‌ನಲ್ಲಿ ತಾಂಗ್ ಅವರು ಮೊದಲು ಗ್ರಂಥವನ್ನಲ್ಲ, ಕಾಲೇಜನ್ನು ಕಟ್ಟಿದರೆಂಬುದನ್ನು ಇಲ್ಲಿ ನೆನೆಯಬೇಕು. ಅರಿವು ವ್ಯಕ್ತಿಯದಾದರೂ ಅದು ತಲೆಮಾರಿನಿಂದ ತಲೆಮಾರಿಗೆ ದಾಟುವುದು ಪಾಠಶಾಲೆಯ ಮೂಲಕ.

೫

ಇಷ್ಟು ಹೇಳಿದ ಮೇಲೆ ಈ ಚಿಂತನೆಗಳ ಮಿತಿಗಳನ್ನೂ ಹೇಳದೆ ಇರುವುದು ವಿಮರ್ಶೆಯ ಧರ್ಮವಲ್ಲ.

ಆಲೂರರ ಗತವೈಭವದ ಬೆಳಕು ಮುಖ್ಯವಾಗಿ ಚಾಲುಕ್ಯರಿಂದ ವಿಜಯನಗರದವರೆಗಿನ ರಾಜವಂಶಗಳ ಮೇಲೆ ಬಿದ್ದಿದೆ. ಆ ಬೆಳಕಿನಲ್ಲಿ ಬಹಮನಿಯರ ಕಲಬುರ್ಗಿ ಮತ್ತು ಬೀದರಗಳಿಗೆ, ದಖನಿ ಉರ್ದುವಿಗೆ, ದುಡಿಯುವ ಜಾತಿಗಳ ಬದುಕಿಗೆ ತಕ್ಕ ಸ್ಥಾನ ದೊರೆತಿಲ್ಲ. ತನ್ನನ್ನು ತಾನು ಮರೆತ ಜನಕ್ಕೆ ಮೊದಲು ಆತ್ಮಗೌರವವನ್ನು ಕೊಡಬೇಕಾಗಿದ್ದ ಕಾಲದ ಕೃತಿ ಅದು ಎಂಬುದನ್ನು ಮರೆಯುವಂತಿಲ್ಲ. ಆದರೂ ಹೈದರಾಬಾದಿನ ಕನ್ನಡಿಗನ ಅನುಭವವು ಆ ಚಿತ್ರವನ್ನು ತಿದ್ದುತ್ತದೆ. ಉರ್ದು ಇಲ್ಲಿ ಕೇವಲ ಅಧಿಕಾರದ ಭಾಷೆಯಾಗಿ ಉಳಿಯಲಿಲ್ಲ. ಬೀದಿಯ, ಸ್ನೇಹದ, ಕಾವ್ಯದ ಭಾಷೆಯೂ ಆಯಿತು. ಉಸ್ಮಾನಿಯಾದಲ್ಲಿ ಓದಿದ ಸಿದ್ಧಯ್ಯ ಪುರಾಣಿಕರು ಕನ್ನಡದ ಕಾವ್ಯಾನಂದರಾದರು. ರಾಯಚೂರು ಸೀಮೆಯ ಶಾಂತರಸರು ಉರ್ದುವಿನ ಗಜಲನ್ನು ಕನ್ನಡಕ್ಕೆ ತಂದು, ಅದನ್ನು ಕನ್ನಡದ ಸ್ವಂತ ಪ್ರಕಾರವಾಗಿ ಬೆಳೆಸಿದರು. ಗಜಲು ಇಂದು ಕರ್ನಾಟಕತ್ವದ ಹೊರಗಿದೆಯೆನ್ನಲು ಸಾಧ್ಯವೆ? ಪರಭಾಷೆಯ ಒತ್ತಡದಿಂದ ಕುಗ್ಗಬಹುದಾಗಿದ್ದ ಕನ್ನಡವು ಅದರಿಂದಲೇ ಹಿಗ್ಗಿದುದಕ್ಕೆ ಇದು ನಿದರ್ಶನ. ೨೦೧೯ರಲ್ಲಿ ‘ಹೈದರಾಬಾದ್ ಕರ್ನಾಟಕ’ವು ‘ಕಲ್ಯಾಣ ಕರ್ನಾಟಕ’ವಾದುದು ಅಲ್ಲಿಯ ಜನರ ಸ್ವಾಭಿಮಾನಕ್ಕೆ ಸಂದ ಮನ್ನಣೆ. ಆದರೆ ಹೆಸರಿನೊಡನೆ ಈ ಸಹಬಾಳ್ವೆಯ ನೆನಪೂ ಅಳಿಸಬಾರದು.

ತಾಂಗ್ ಅವರ ನಿಲುವಿಗೂ ಇಂಥದೇ ತಿದ್ದುಪಡಿಗಳು ಬಂದಿವೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ತೂ ವೆಯ್‌ಮಿಂಗ್ ೧೯೯೧ರ ಪ್ರಬಂಧವೊಂದರಲ್ಲಿ ‘ಸಾಂಸ್ಕೃತಿಕ ಚೀನಾ’ ಎಂಬ ಪರಿಕಲ್ಪನೆಯನ್ನು ಮಂಡಿಸಿ, ಅದರಲ್ಲಿ ಮೂರು ವಲಯಗಳನ್ನು ಗುರುತಿಸಿದರು. ಚೀನೀಯರೇ ಬಹುಸಂಖ್ಯಾತರಾಗಿರುವ ನಾಡುಗಳು ಮೊದಲನೆಯದು. ಹೊರನಾಡಿನ ಸಮುದಾಯಗಳು ಎರಡನೆಯದು. ಹುಟ್ಟಿನಿಂದ ಯಾರೇ ಆಗಿರಲಿ, ಚೀನಾವನ್ನು ಅಭ್ಯಸಿಸಿ ಅರಿಯಲೆತ್ನಿಸುವವರು ಮೂರನೆಯದು. ಅಂಚೇ ಕೇಂದ್ರವಾಗಬಲ್ಲುದು ಎಂಬುದು ಅವರ ವಾದದ ತಿರುಳು. ಈ ಲೆಕ್ಕದಲ್ಲಿ ಕನ್ನಡವನ್ನು ಕಲಿತು ಸೇವೆ ಸಲ್ಲಿಸಿದ ಕಿಟೆಲ್ಲರಿಗೂ ಕರ್ನಾಟಕತ್ವದಲ್ಲಿ ಪಾಲುಂಟು. ಹಾನ್ ಯುವಿನ ಹಳೆಯ ಉತ್ತರವೇ ಇಲ್ಲಿ ಹೊಸ ರೂಪದಲ್ಲಿ ಮರಳಿದೆ. ಆದರೆ ಇಂಡೊನೇಷ್ಯದಲ್ಲಿ ಹುಟ್ಟಿ, ಹಾಲೆಂಡಿನಲ್ಲಿ ಬೆಳೆದು, ಆಸ್ಟ್ರೇಲಿಯದಲ್ಲಿ ನೆಲೆಸಿದ ಚೀನೀ ಮೂಲದ ವಿದುಷಿ ಈಯೆನ್ ಆಂಗ್ ಇದನ್ನೂ ಪ್ರಶ್ನಿಸಿದ್ದಾರೆ. ಚೀನೀ ಭಾಷೆ ಬಾರದ ತಮ್ಮಂಥವರನ್ನು ‘ಸಾಂಸ್ಕೃತಿಕ ಚೀನಾ’ ಕೂಡ ಕೊನೆಗೆ ಕೊರತೆಯ ಅಳತೆಗೋಲಿನಿಂದಲೇ ಅಳೆಯುತ್ತದೆಯೆಂಬುದು ಅವರ ಆಕ್ಷೇಪ.

ಈ ಆಕ್ಷೇಪ ನಮ್ಮ ಮನೆಯೊಳಗಿನದು. ಈ ನಗರದ ಎಷ್ಟೋ ಕನ್ನಡ ಕುಟುಂಬಗಳಲ್ಲಿ ಅಜ್ಜಿ ಕನ್ನಡ ಓದುತ್ತಾಳೆ, ಮಗ ಕನ್ನಡ ಆಡುತ್ತಾನೆ, ಮೊಮ್ಮಗಳು ಕನ್ನಡವನ್ನು ಕೇಳಿ ತಿಳಿದು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುತ್ತಾಳೆ. ಆ ಮೊಮ್ಮಗಳಿಗೆ ನಾವು ಹೇಳುವುದೇನು? ನೀನು ಕನ್ನಡದವಳಲ್ಲ ಎಂದರೆ ಅವಳನ್ನು ಕಳೆದುಕೊಳ್ಳುತ್ತೇವೆ. ಏನೂ ಕಲಿಯಬೇಕಾಗಿಲ್ಲ, ಹುಟ್ಟಿನಿಂದಲೇ ನೀನು ಕನ್ನಡತಿ ಎಂದರೆ ಕನ್ನಡವನ್ನು ಕಳೆದುಕೊಳ್ಳುತ್ತೇವೆ. ಅರಿವಿನಿಂದ ಪಡೆಯಬೇಕಾದದ್ದು ಎಂಬ ಆಲೂರರ ಸೂತ್ರಕ್ಕೆ ಇಲ್ಲಿ ಹೊಸ ಅರ್ಥ ಬರುತ್ತದೆ. ಪಡೆಯಬೇಕಾದದ್ದು ಎಂದರೆ, ಇನ್ನೂ ಪಡೆಯಬಹುದಾದದ್ದು ಎಂದೂ ಆಗುತ್ತದೆ. ಕೊರತೆಯನ್ನು ಎತ್ತಿ ತೋರಿಸುವುದಕ್ಕಿಂತ ದಾರಿಯನ್ನು ತೆರೆದಿಡುವುದು ಆ ಸೂತ್ರದ ನಿಜವಾದ ವಿನಿಯೋಗ.

೬

ಒಟ್ಟಿನಲ್ಲಿ ಹೇಳುವುದಾದರೆ, ಆಲೂರರ ಕರ್ನಾಟಕತ್ವದಲ್ಲಿ ನೆಲ ಮತ್ತು ಅರಿವು ಎಂಬ ಎರಡು ಎಳೆಗಳಿವೆ. ೧೯೫೬ರಲ್ಲಿ ಮೊದಲನೆಯ ಎಳೆ ಫಲಿಸಿತು. ಹೆಸರಿನ ಮಟ್ಟಿಗೆ ೧೯೭೩ರ ನವೆಂಬರ್ ೧ರಂದು, ಆಲೂರರು ತೀರಿಕೊಂಡು ಒಂಬತ್ತು ವರ್ಷಗಳ ಮೇಲೆ, ಪೂರ್ಣವಾಯಿತು. ಎರಡನೆಯ ಎಳೆ ಫಲಿಸಿ ಮುಗಿಯುವಂಥದಲ್ಲ. ಪ್ರತಿ ತಲೆಮಾರೂ ಅದನ್ನು ಹೊಸದಾಗಿ ನೂಲಬೇಕು. ಹೊರನಾಡಿನಲ್ಲಿರುವವನಿಗೆ ಈ ಎರಡನೆಯ ಎಳೆ ಒಂದೇ ಆಸರೆಯಾಗಿರುವುದರಿಂದ ಅದರ ಬೆಲೆ ಅವನಿಗೆ ಬೇಗ ತಿಳಿಯುತ್ತದೆ. ಒಳನಾಡಿನವನಿಗೆ ನೆಲದ ನೆಮ್ಮದಿಯಿದೆ. ಆ ನೆಮ್ಮದಿಯಲ್ಲಿ ಅರಿವು ಮಂಕಾಗುವ ಅಪಾಯವೂ ಇದೆ. ಬೆಂಗಳೂರಿನಲ್ಲಿ ಕನ್ನಡ ಬಾರದ ಕನ್ನಡದ ಮಗುವಿಗೂ ಹೈದರಾಬಾದಿನ ಮೊಮ್ಮಗಳಿಗೂ ಇಂದು ಹೆಚ್ಚಿನ ಅಂತರವಿಲ್ಲ. ಆದ್ದರಿಂದ ಗಡಿಯಾಚೆಯ ಈ ಪ್ರಶ್ನೆ ನಾಳೆ ಗಡಿಯೊಳಗಿನದೂ ಆಗುತ್ತದೆ.

ಆಲೂರರು ೧೯೦೫ರಲ್ಲಿ ತುಂಗಭದ್ರೆಯ ದಡದಲ್ಲಿ ನಿಂತಾಗ ಎರಡು ದಡಗಳಿಗೂ ಬೇರೆ ಬೇರೆ ಒಡೆಯರಿದ್ದರು, ಕರ್ನಾಟಕವೆಂಬ ರಾಜ್ಯವಿರಲಿಲ್ಲ. ಆದರೂ ಅವರಿಗೆ ಕರ್ನಾಟಕ ಕಂಡಿತು. ಹೈದರಾಬಾದಿನ ಕನ್ನಡ ವಿಭಾಗವೊಂದರಲ್ಲಿ ಪಂಪನನ್ನೋ ಬಸವಣ್ಣನನ್ನೋ ಬೋಧಿಸುವ ಅಧ್ಯಾಪಕನೂ ಕಲಿಯುವ ವಿದ್ಯಾರ್ಥಿಯೂ ನಿಂತಿರುವುದು ಹೆಚ್ಚುಕಡಿಮೆ ಅದೇ ದಡದಲ್ಲಿ.